ಅರಳೆಯ ಮೇಲೆ ಇಟ್ಟ ಹೆಜ್ಜೆ

"ಅರಳಿ ಮ್ಯಾಲ ಕಾಲಿಟ್ಟಂಗ ಆಗತೈತ್ರಿ." ಕೀಮೋಥೆರಪಿಯ ಮೂರೋ ನಾಲ್ಕೋ ಸುತ್ತು ಮುಗಿಸಿದವರು ತಮ್ಮ ಪಾದಗಳ ಬಗ್ಗೆ ಆಡುವ ಮಾತು ಇದು. ಹತ್ತಿ ಬೆಳೆಯುವ ಎರೆ ನೆಲದವರ ಬಾಯಿಗೆ ತಾನಾಗಿ ಬರುವ ಹೋಲಿಕೆ. ಕೆಲವರು ಇರುವೆ ಹರಿದಾಡಿದಂತೆ ಎನ್ನುತ್ತಾರೆ, ಕೆಲವರು ಹಿಡಿದ ಜೋಮು ಬಿಡುತ್ತಲೇ ಇಲ್ಲ ಎನ್ನುತ್ತಾರೆ. ಚಪ್ಪಲಿ ಎಲ್ಲಿ ಜಾರಿಬಿತ್ತೆಂದು ಪಾದಕ್ಕೆ ತಿಳಿಯದೆ ಹಾಗೇ ನಾಲ್ಕು ಹೆಜ್ಜೆ ನಡೆದುಬಿಡುವವರೂ ಇದ್ದಾರೆ.

ಈ ಮಾತಿಗೆ ಸಿಗುವ ಉತ್ತರ ಬಹಳ ಸಲ ಒಂದೇ: ಔಷಧ ಭಾರಿ ಇದೆ, ಇದೆಲ್ಲ ಇರುವುದೇ, ತಡೆದುಕೊಳ್ಳಿ. ಹಾಗೆ ಹೇಳುವವರ ಮನಸ್ಸು ಕೆಟ್ಟದ್ದೇನಲ್ಲ. ಜೀವ ಉಳಿಸುವ ಧಾವಂತದಲ್ಲಿ ಪಾದದ ಜೋಮು ಸಣ್ಣದಾಗಿ ಕಾಣುತ್ತದೆ. ಆದರೆ ಅದು ಸಣ್ಣದಲ್ಲ, ರೋಗಿಯ ಮನಸ್ಸಿನ ಭ್ರಮೆಯಂತೂ ಅಲ್ಲವೇ ಅಲ್ಲ. ನರಕೋಶದ ಒಳಗೆ, 25 ನ್ಯಾನೊಮೀಟರ್ ದಪ್ಪದ ಟೊಳ್ಳು ಕೊಳವೆಗಳಲ್ಲಿ ಅದರ ಬೇರು ಇದೆ. ವಿಜ್ಞಾನಿಗಳು ಮೈಕ್ರೋಟ್ಯೂಬ್ಯೂಲ್ ಎನ್ನುವ ಇವನ್ನು ಕನ್ನಡದಲ್ಲಿ ಸೂಕ್ಷ್ಮನಾಳ ಎನ್ನಬಹುದು. ಈ ನಾಳದ ಕಥೆ ಗೊತ್ತಿದ್ದರೆ ಮೊದಲ ಸಲೈನ್ ಏರಿಸುವ ಮುಂಚೆ ರೋಗಿಗೆ ಏನು ಹೇಳಬೇಕು, ಪ್ರತಿ ಭೇಟಿಯಲ್ಲಿ ಏನು ಕೇಳಬೇಕು ಎಂಬುದು ತಾನಾಗಿ ಹೊಳೆಯುತ್ತದೆ. ಹುಬ್ಬಳ್ಳಿ-ಧಾರವಾಡದಂಥ ಆಸ್ಪತ್ರೆಗಳ ಊರಿನಲ್ಲಿ ಆ ಹೇಳುವಿಕೆ, ಕೇಳುವಿಕೆ ಎರಡೂ ಔಷಧದಷ್ಟೇ ಕಡ್ಡಾಯವಾಗಬೇಕು.

ಶಾಲೆಯಲ್ಲಿ ನರವನ್ನು ವಿದ್ಯುತ್ ತಂತಿಗೆ ಹೋಲಿಸಿ ಕಲಿಸುವುದು ರೂಢಿ. ತಪ್ಪಲ್ಲ, ಆದರೆ ಅರ್ಧ ಮಾತು. ಕಾಲಿನ ಹೆಬ್ಬೆರಳಿಗೆ ಏನು ತಾಗಿತೆಂದು ತಿಳಿಸುವ ನರಕೋಶದ ಒಡಲು ಇರುವುದು ಬೆನ್ನುಹುರಿಯ ಪಕ್ಕ, ಸೊಂಟದ ಮಟ್ಟದಲ್ಲಿ. ಅದರ ಗಾತ್ರ ಹೆಚ್ಚೆಂದರೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲು. ಅದರಿಂದ ಹೊರಟ ಆಕ್ಸಾನ್ ಎಂಬ ಎಳೆ ಕಾಲಿನುದ್ದಕ್ಕೂ ಇಳಿದು ಬೆರಳ ತುದಿ ಮುಟ್ಟುವಷ್ಟರಲ್ಲಿ ಸುಮಾರು ಒಂದು ಮೀಟರ್ ಆಗಿರುತ್ತದೆ. ಈ ಪ್ರಮಾಣ ಕಣ್ಣಿಗೆ ಕಟ್ಟಬೇಕಾದರೆ ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣಕ್ಕೆ ಹೋಗಬೇಕು. 2023ರಲ್ಲಿ ಉದ್ಘಾಟನೆಯಾದ ಅಲ್ಲಿಯ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ; ಜಗತ್ತಿನಲ್ಲೇ ಅತಿ ಉದ್ದದ್ದೆಂದು ದಾಖಲಾಗಿದೆ. ಅದರ ಒಂದು ತುದಿಗೆ ಒಂದು ತೆಂಗಿನಕಾಯಿ ಇಟ್ಟರೆ ಅದು ಕೋಶದ ಒಡಲು. ಅದರಿಂದ ಹೊರಟ ಬೆರಳುಗಾತ್ರದ ಹಗ್ಗ ಪ್ಲಾಟ್‌ಫಾರ್ಮಿನ ಇನ್ನೊಂದು ತುದಿ ಮುಟ್ಟಿದರೆ ಅದು ಆಕ್ಸಾನ್. ಎಳೆಯ ತುದಿ ಬದುಕಲು ಬೇಕಾದ ಪ್ರೋಟೀನು ಬಹುಪಾಲು ತಯಾರಾಗುವುದು ಆ ತೆಂಗಿನಕಾಯಿಯೊಳಗೆ. ಅಲ್ಲಿಂದ ಒಂದೂವರೆ ಕಿಲೋಮೀಟರ್ ದೂರಕ್ಕೆ ಅದು ಪ್ರತಿದಿನ ತಲುಪಬೇಕು.

ಹೀಗೆ ಸಾಮಾನು ಸಾಗುತ್ತದೆ ಎಂಬುದು ಬಹಳ ಸರಳವಾದ ಪ್ರಯೋಗದಿಂದ ಗೊತ್ತಾಯಿತು. 1948ರಲ್ಲಿ ಪಾಲ್ ವೈಸ್ ಮತ್ತು ಹೆಲೆನ್ ಹಿಸ್ಕೋ ಪ್ರಾಣಿಗಳ ನರಕ್ಕೆ ಒಂದು ಕಡೆ ಬಿಗಿಯಾದ ಪಟ್ಟಿ ತೊಡಿಸಿದರು. ಕೆಲವು ವಾರ ಕಳೆದು ನೋಡಿದರೆ ಪಟ್ಟಿಯ ಒಂದೇ ಮಗ್ಗುಲು, ಕೋಶದ ಒಡಲಿನ ಕಡೆಯದು, ಉಬ್ಬಿಕೊಂಡಿತ್ತು. ಹಳ್ಳಕ್ಕೆ ಒಡ್ಡು ಹಾಕಿದಾಗ ನೀರು ನಿಲ್ಲುವುದು ಮೇಲ್ಮಗ್ಗುಲಿಗೇ ಅಲ್ಲವೇ, ಹಾಗೆ. ಪಟ್ಟಿ ಬಿಚ್ಚಿದ ಮೇಲೆ ಆ ಉಬ್ಬು ದಿನಕ್ಕೆ ಒಂದೆರಡು ಮಿಲಿಮೀಟರಿನಂತೆ ಕೆಳಗಿಳಿಯಿತು. ನರ ಬರೀ ತಂತಿಯಲ್ಲ, ಅದರೊಳಗೆ ಹರಿವು ಇದೆ ಎಂಬುದಕ್ಕೆ ಅದು ಮೊದಲ ಗಟ್ಟಿ ಸಾಕ್ಷಿ.

ಹರಿವಿನ ದಾರಿಯೇ ಸೂಕ್ಷ್ಮನಾಳ. ಅದರ ಇಟ್ಟಿಗೆಯ ಹೆಸರು ಟ್ಯೂಬುಲಿನ್. ಆಲ್ಫಾ, ಬೀಟಾ ಎಂಬ ಎರಡು ಪ್ರೋಟೀನುಗಳು ಜೋಡಿಯಾದರೆ 8 ನ್ಯಾನೊಮೀಟರ್ ಉದ್ದದ ಒಂದು ಇಟ್ಟಿಗೆ. ಒಂದರ ತಲೆಗೆ ಇನ್ನೊಂದರ ಬುಡ ತಾಗಿಸಿ ಇವು ಸಾಲುಗಟ್ಟುತ್ತವೆ. ಸಾಮಾನ್ಯವಾಗಿ ಅಂಥ 13 ಸಾಲುಗಳು ಅಕ್ಕಪಕ್ಕ ಕೂಡಿ ಸುತ್ತಿಕೊಂಡರೆ ಒಂದು ನಾಳ. ಎಲ್ಲ ಇಟ್ಟಿಗೆಗಳ ಮುಖ ಒಂದೇ ದಿಕ್ಕಿಗೆ ಇರುವುದರಿಂದ ನಾಳಕ್ಕೆ ಬುಡ ಒಂದು, ತುದಿ ಒಂದು. ಬೀಟಾ ಹೊರಗೆ ಕಾಣುವ ತುದಿಯನ್ನು ಧನ ತುದಿ ಎನ್ನುತ್ತಾರೆ. ನಾಳ ಚುರುಕಾಗಿ ಬೆಳೆಯುವುದು ಅಲ್ಲೇ. ಆಕ್ಸಾನಿನೊಳಗೆ ನಾಳಗಳ ಧನ ತುದಿಗಳೆಲ್ಲ ಬೆರಳಿನ ದಿಕ್ಕಿಗೆ ಮುಖಮಾಡಿ ನಿಂತಿರುತ್ತವೆ. ಮಿದುಳಿನ ನರಕೋಶದ ಗಿಡ್ಡ ಕವಲುಗಳಾದ ಡೆಂಡ್ರೈಟುಗಳಲ್ಲಿ ಮಾತ್ರ ಎರಡೂ ದಿಕ್ಕಿನವು ಬೆರೆತಿರುತ್ತವೆ. ತಲೆಗೂದಲಿನ ಅಡ್ಡಗಲದಲ್ಲಿ ಇಂಥ ಸುಮಾರು ಮೂರು ಸಾವಿರ ನಾಳಗಳನ್ನು ಸಾಲಾಗಿ ಇಡಬಹುದು.

ಸೊಂಟದಿಂದ ಬೆರಳಿನವರೆಗೆ ಒಂದೇ ಅಖಂಡ ನಾಳ ಇರುತ್ತದೆ ಎಂದು ಯಾರಾದರೂ ಊಹಿಸುವುದು ಸಹಜ. ಹಾಗಿಲ್ಲ. 1981ರಲ್ಲಿ ಡೆನ್ನಿಸ್ ಬ್ರೇ ಮತ್ತು ಮೇರಿ ಬಂಗೆ ಇಲಿಯ ನರಕೋಶಗಳ ಎಳೆಯನ್ನು ಸಾಲುಸಾಲು ಬಿಲ್ಲೆಗಳಾಗಿ ಕೊಯ್ದು, ಒಂದೊಂದು ನಾಳದ ಜಾಡನ್ನೂ ಬಿಲ್ಲೆಯಿಂದ ಬಿಲ್ಲೆಗೆ ಹಿಡಿದು ಹೋದರು. ನಾಳದ ಸರಾಸರಿ ಉದ್ದ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟೇ. ಹುಬ್ಬಳ್ಳಿಯ ಪ್ಲಾಟ್‌ಫಾರ್ಮಿನ ಲೆಕ್ಕಕ್ಕೆ ಒಂದು ಗೇಣಿಗೂ ಕಡಿಮೆ, ಕೂದಲಿಗಿಂತಲೂ ತೆಳ್ಳಗೆ. ಇದನ್ನು ಅರ್ಥಮಾಡಿಕೊಳ್ಳಲು ಬೆಂಗೇರಿಯಲ್ಲಿ ತಯಾರಾಗುವ ರಾಷ್ಟ್ರಧ್ವಜದ ಖಾದಿಯಿಂದ ಒಂದು ನೂಲೆಳೆ ಹಿರಿದು ನೋಡಬೇಕು. ನೂಲು ಮಾರುಗಟ್ಟಲೆ ಉದ್ದವಿದ್ದರೂ ಅದರೊಳಗಿನ ಹತ್ತಿಯ ನಾರು ಒಂದು ಅಂಗುಲದ ಆಸುಪಾಸು. ಗಿಡ್ಡ ನಾರುಗಳು ಒಂದರ ಹೆಗಲಿಗೆ ಇನ್ನೊಂದು ಹೆಗಲು ಕೊಡುತ್ತ ಹೋಗಿದ್ದಕ್ಕೇ ಹಂಜಿ ನೂಲಾಯಿತು. ಆಕ್ಸಾನ್ ಕೂಡ ಹಾಗೆ ನೂತ ನೂಲು. ಅದರಲ್ಲಿ ನಾಳಗಳನ್ನು ಒಂದಕ್ಕೊಂದು ಸಮಾಂತರವಾಗಿ ಹಿಡಿದಿಡಲು ನೆರವಾಗುವ ಪ್ರೋಟೀನುಗಳಲ್ಲಿ ಮುಖ್ಯವಾದದ್ದು 1975ರಲ್ಲಿ ಪತ್ತೆಯಾದ ಟೌ. ಹತ್ತಿ ಬಿಡಿಸುವ ಕೈಗಳಿಗೆ ಈ ರಚನೆ ವಿವರಿಸಲು ಬೇರೆ ಚಿತ್ರ ಬೇಡ.

ಈ ನಾಳದ ಮೇಲೆ ಅಕ್ಷರಶಃ ನಡೆದು ಹೋಗುವ ಪ್ರೋಟೀನುಗಳಿವೆ. ಅಮೆರಿಕದ ವುಡ್ಸ್ ಹೋಲ್ ಕಡಲತೀರದ ಪ್ರಯೋಗಾಲಯದಲ್ಲಿ 1985ರಲ್ಲಿ ರಾನ್ ವೇಲ್, ಥಾಮಸ್ ರೀಸ್, ಮೈಕಲ್ ಶೀಟ್ಜ್ ಅಂಥ ಒಂದನ್ನು ಹಿಡಿದು ಕೈನೆಸಿನ್ ಎಂದು ಹೆಸರಿಟ್ಟರು. ಅದು ಸಿಕ್ಕದ್ದು ಸ್ಕ್ವಿಡ್ ಎಂಬ ಸಮುದ್ರಜೀವಿಯ ನರದಲ್ಲಿ. ಮಂಗಳೂರಿನ ಮೀನು ಮಾರುಕಟ್ಟೆಯಲ್ಲಿ ಬೊಂಡಾಸ ಎನ್ನುವುದು ಇದೇ ಜಾತಿಯನ್ನು. ಕೈನೆಸಿನ್‌ಗೆ ಎರಡು ಪಾದ. ಒಂದನ್ನು ಊರಿ ಇನ್ನೊಂದನ್ನು ಎತ್ತಿಡುತ್ತ, ಹೆಜ್ಜೆಗೆ 8 ನ್ಯಾನೊಮೀಟರಿನಂತೆ, ಅಂದರೆ ಸರಿಯಾಗಿ ಒಂದು ಇಟ್ಟಿಗೆಯಷ್ಟು, ಧನ ತುದಿಯ ಕಡೆಗೆ ನಡೆಯುತ್ತದೆ. ಪ್ರತಿ ಹೆಜ್ಜೆಗೂ ಎಟಿಪಿ ಎಂಬ ಇಂಧನದ ಒಂದು ಅಣು ಖರ್ಚು. ಸೊಂಟದಿಂದ ಬೆರಳಿಗೆ ಲೆಕ್ಕ ಹಾಕಿದರೆ 12.5 ಕೋಟಿ ಹೆಜ್ಜೆ. ಒಂದೇ ಕೈನೆಸಿನ್ ಅಷ್ಟು ದೂರ ಹೊರುವುದಿಲ್ಲ; ಹೊರೆ ಕೈಯಿಂದ ಕೈಗೆ, ನಾಳದಿಂದ ನಾಳಕ್ಕೆ ಬದಲಾಗುತ್ತ ಹೋಗುತ್ತದೆ. ಚುರುಕಾಗಿ ಸಾಗುವ ಸಾಮಾನು ದಿನಕ್ಕೆ 400 ಮಿಲಿಮೀಟರ್‌ವರೆಗೂ ಹೋದೀತು. ತುದಿಯಿಂದ ಒಡಲಿಗೆ ಮರಳುವ ಹೊರೆ ಹೊರಲು ಡೈನೀನ್ ಎಂಬ ಬೇರೆಯೇ ಕೂಲಿ ಇದೆ.

ಇಷ್ಟಾದರೂ ಈ ದಾರಿ ಡಾಂಬರು ರಸ್ತೆಯಂತೆ ಒಮ್ಮೆ ಹಾಸಿ ಬಿಟ್ಟದ್ದಲ್ಲ. ನಾಳದ ತುದಿ ಬೆಳೆಯುತ್ತ ಬೆಳೆಯುತ್ತ ಇದ್ದಕ್ಕಿದ್ದಂತೆ ಬಿಚ್ಚಿಕೊಂಡು ಕುಗ್ಗುತ್ತದೆ, ಮತ್ತೆ ಬೆಳೆಯುತ್ತದೆ. 1984ರಲ್ಲಿ ಟಿಮ್ ಮಿಚಿಸನ್ ಮತ್ತು ಮಾರ್ಕ್ ಕಿರ್ಶ್ನರ್ ಈ ಗುಣವನ್ನು ತೋರಿಸಿಕೊಟ್ಟರು. ವಿಭಜನೆಯಾಗುವ ಕೋಶಕ್ಕೆ ಇದು ಜೀವಾಳ. ಒಂದು ಕೋಶ ಎರಡಾಗುವಾಗ ವರ್ಣತಂತುಗಳನ್ನು ಎರಡು ಕಡೆಗೆ ಎಳೆಯುವ ದಾರಗಳು ಇದೇ ನಾಳಗಳು. ನರಕೋಶ ವಿಭಜನೆಯಾಗುವುದಿಲ್ಲ, ಆದರೆ ಅದೇ ಇಟ್ಟಿಗೆಯಿಂದ ರಸ್ತೆ ಕಟ್ಟಿಕೊಳ್ಳುತ್ತದೆ. ಕ್ಯಾನ್ಸರ್ ಔಷಧದ ವರವೂ ಶಾಪವೂ ಈ ಒಂದು ಸಂಗತಿಯಲ್ಲಿದೆ.

ಧಾರವಾಡದ ಹಿತ್ತಲುಗಳಲ್ಲಿ ನಿತ್ಯಪುಷ್ಪ ವರ್ಷವಿಡೀ ಅರಳುತ್ತದೆ. ಕಾಶಿ ಕಣಗಿಲೆ, ಸದಾಪುಷ್ಪ ಎಂಬ ಹೆಸರುಗಳೂ ಇವೆ. ಮಳೆಗಾಲದಲ್ಲಿ ಕಲಘಟಗಿಯ ಕಡೆಯ ಬೇಲಿ, ಕುರುಚಲು ಕಾಡುಗಳಲ್ಲಿ ಬೆಂಕಿಯ ನಾಲಗೆಯಂಥ ಎಸಳಿನ ಅಗ್ನಿಶಿಖೆ ಕಾಣುತ್ತದೆ. ಗೌರಿ ಹೂವೆಂದರೆ ಬೇಗ ಗುರುತು ಸಿಗುತ್ತದೆ. ಈ ಎರಡು ಗಿಡಗಳ ವಿಷ ನೇರವಾಗಿ ಹೋಗಿ ಕೂರುವುದು ಟ್ಯೂಬುಲಿನ್ ಮೇಲೆ. ಗೌರಿ ಹೂವಿನ ಗಡ್ಡೆಯಲ್ಲಿರುವ ಕಾಲ್ಚಿಸಿನ್ ಇಟ್ಟಿಗೆಯನ್ನು ಕಚ್ಚಿ ಹಿಡಿದು ನಾಳ ಕಟ್ಟದಂತೆ ಮಾಡುತ್ತದೆ. ಟ್ಯೂಬುಲಿನ್ ಪತ್ತೆಯಾದದ್ದೇ ಕಾಲ್ಚಿಸಿನ್‌ನಿಂದ. 1967ರಲ್ಲಿ ಶಿಕಾಗೋದ ಗ್ಯಾರಿ ಬೊರಿಸಿ ಮತ್ತು ಎಡ್ವಿನ್ ಟೇಲರ್ ವಿಕಿರಣದ ಗುರುತು ಹಚ್ಚಿದ ಕಾಲ್ಚಿಸಿನ್ ಎಲ್ಲೆಲ್ಲಿ ಅಂಟುತ್ತದೆಂದು ಹುಡುಕಿದರು. ಔಷಧ ನಿಲ್ಲಿಸುವುದು ಕೋಶ ವಿಭಜನೆಯನ್ನು. ಆದರೆ ಅದು ಹೇರಳವಾಗಿ ಅಂಟಿಕೊಂಡದ್ದು ವಿಭಜನೆಯೇ ಇಲ್ಲದ ಮಿದುಳಿಗೆ. ಕಾರಣ, ಮಿದುಳು ಟ್ಯೂಬುಲಿನ್‌ನ ಕಣಜ. ಇಂದಿಗೂ ಭಾರತದ ಪ್ರಯೋಗಾಲಯಗಳಲ್ಲಿ ಟ್ಯೂಬುಲಿನ್ ಬೇಕಾದಾಗ ಆಡಿನ ಮಿದುಳಿನಿಂದ ಸೋಸಿ ತೆಗೆಯುವುದುಂಟು. ಆ 1967ರ ಫಲಿತಾಂಶದಲ್ಲೇ ಒಂದು ಎಚ್ಚರಿಕೆ ಅಡಗಿತ್ತು: ನಾಳಕ್ಕೆ ಹೊಡೆಯುವ ಔಷಧ ನರಕ್ಕೂ ಹೊಡೆದೀತು.

ನಿತ್ಯಪುಷ್ಪದ ಕಥೆ ಜಮೈಕಾದಿಂದ ಶುರುವಾಗುತ್ತದೆ. ಅಲ್ಲಿ ಸಕ್ಕರೆ ಕಾಯಿಲೆಗೆ ಕುಡಿಯುತ್ತಿದ್ದ ಎಲೆಯ ಕಷಾಯವನ್ನು ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಪರೀಕ್ಷಿಸಿದರು. ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣ ಇಳಿಯಿತು. 1958ರಲ್ಲಿ ವಿನ್‌ಬ್ಲಾಸ್ಟಿನ್, ಅದರ ಬೆನ್ನಿಗೆ ವಿನ್‌ಕ್ರಿಸ್ಟಿನ್ ಹೊರಬಂದವು. 1963ರಿಂದ ವಿನ್‌ಕ್ರಿಸ್ಟಿನ್ ಮಕ್ಕಳ ರಕ್ತ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ನೆಲೆಯೂರಿದೆ. ಎಷ್ಟೋ ಮಕ್ಕಳು ಇಂದು ದೊಡ್ಡವರಾಗಿ ಓಡಾಡುತ್ತಿರುವುದರಲ್ಲಿ ಈ ಹಿತ್ತಲ ಗಿಡದ ಪಾಲಿದೆ. ಪ್ಯಾಕ್ಲಿಟ್ಯಾಕ್ಸೆಲ್ ಬಂದದ್ದು ಅಮೆರಿಕದ ಪೆಸಿಫಿಕ್ ಯೂ ಮರದ ತೊಗಟೆಯಿಂದ. ಅದರ ರಚನೆಯನ್ನು 1971ರಲ್ಲಿ ಪ್ರಕಟಿಸಿದವರಲ್ಲಿ ಮನ್ರೋ ವಾಲ್ ಜೊತೆಗಿದ್ದ ಮನ್ಸುಖ್ ವಾಣಿ ಮಹಾರಾಷ್ಟ್ರದ ನಂದುರಬಾರದವರು. ಅದು ಕೆಲಸ ಮಾಡುವ ಬಗೆಯನ್ನು 1979ರಲ್ಲಿ ಸೂಸನ್ ಹಾರ್ವಿಟ್ಜ್ ಅವರ ತಂಡ ಬಿಡಿಸಿತು. ನಿತ್ಯಪುಷ್ಪದ ಔಷಧ ನಾಳವನ್ನು ಬಿಚ್ಚಿಹಾಕಿದರೆ ಪ್ಯಾಕ್ಲಿಟ್ಯಾಕ್ಸೆಲ್ ಅದನ್ನು ಬಿಚ್ಚಲಾರದಂತೆ ಬಿಗಿದುಬಿಡುತ್ತದೆ. ದಾರ ಹರಿದರೂ ಬಟ್ಟೆಯಾಗದು, ಗಂಟಾಗಿ ಕೂತರೂ ಆಗದು. ಎರಡರಲ್ಲೂ ಕ್ಯಾನ್ಸರ್ ಕೋಶದ ವಿಭಜನೆ ನಿಲ್ಲುತ್ತದೆ, ಎರಡರಲ್ಲೂ ನರದ ರಸ್ತೆ ಕೆಡುತ್ತದೆ.

ಹಾಗಾದರೆ ಜೋಮು ಪಾದದಿಂದಲೇ ಏಕೆ ಶುರು? ಅತಿ ಉದ್ದದ ಎಳೆಯ ತುದಿಗೆ ಅತಿ ದೂರದ ಸಾಗಣೆ ಬೇಕು. ದಾರಿ ಕೆಟ್ಟಾಗ ಮೊದಲು ಬರಗಾಲ ಬೀಳುವುದು ಅಲ್ಲಿ. ಪಾದದ ನಂತರ ಕೈಬೆರಳು. ಮಿದುಳು ಬಹುಮಟ್ಟಿಗೆ ಪಾರಾಗುತ್ತದೆ, ಏಕೆಂದರೆ ರಕ್ತದಿಂದ ಮಿದುಳಿಗೆ ಹೋಗುವ ಗಡಿಯಲ್ಲೇ ಈ ಔಷಧಗಳನ್ನು ದೇಹ ತಡೆಯುತ್ತದೆ. ಬೆನ್ನುಹುರಿಯ ಪಕ್ಕದ ಸ್ಪರ್ಶಕೋಶಗಳ ಗಂಟುಗಳಿಗೆ ಅಂಥ ಗಟ್ಟಿ ತಡೆಗೋಡೆ ಇಲ್ಲ. ಅಂದರೆ ಕಾಲುಚೀಲ ತೊಟ್ಟಂತೆ, ಕೈಗವಸು ತೊಟ್ಟಂತೆ ಏರಿಬರುವ ಈ ಜೋಮಿನ ಆಕಾರವೇ ಒಳಗಿನ ನರದ ಎಳೆಗಳ ಉದ್ದದ ನಕಾಶೆ.

ಇದು ಅಪರೂಪದ ತೊಂದರೆಯಲ್ಲ. 31 ಅಧ್ಯಯನಗಳ 4,179 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ನರಕ್ಕೆ ಪೆಟ್ಟು ಕೊಡುವ ಕೀಮೋ ಮುಗಿದ ಮೊದಲ ತಿಂಗಳಲ್ಲಿ ಶೇ 68 ಮಂದಿಗೆ ಜೋಮು, ಉರಿ, ನೋವು ಇತ್ತು. ಮೂರು ತಿಂಗಳಿಗೆ ಶೇ 60. ಆರು ತಿಂಗಳಾದ ಮೇಲೂ ಶೇ 30. ಸಿಸ್‌ಪ್ಲ್ಯಾಟಿನ್, ಆಕ್ಸಾಲಿಪ್ಲ್ಯಾಟಿನ್‌ನಂಥ ನಾಳದ ಗೊಡವೆಗೆ ಮುಖ್ಯವಾಗಿ ಹೋಗದೆ ಬೇರೆ ಹಾದಿಯಲ್ಲಿ ನರ ಕೆಡಿಸುವ ಔಷಧ ಪಡೆದವರೂ ಈ ಲೆಕ್ಕದಲ್ಲಿದ್ದಾರೆ. ವಿನ್‌ಕ್ರಿಸ್ಟಿನ್‌ನ ವಿಷಯದಲ್ಲಂತೂ ನರದ ಭಯವೇ ಪ್ರಮಾಣವನ್ನು ಕಟ್ಟಿಹಾಕಿದೆ: ಒಂದು ಸಲಕ್ಕೆ 2 ಮಿಲಿಗ್ರಾಂ ಮೀರದಂತೆ ಕೊಡುವುದು ಬಹುಕಾಲದ ಪದ್ಧತಿ.

ಅಂಕಿ ಹೀಗಿದ್ದರೆ ಬದುಕು ಹೇಗಿರುತ್ತದೆ? ಸ್ತನ ಕ್ಯಾನ್ಸರಿಗೆ ಪ್ಯಾಕ್ಲಿಟ್ಯಾಕ್ಸೆಲ್ ತೆಗೆದುಕೊಳ್ಳುತ್ತಿರುವ, ಕುಂದಗೋಳದ ಕಡೆಯ ಒಬ್ಬ ರೈತ ಹೆಣ್ಣುಮಗಳನ್ನು ಊಹಿಸಿಕೊಳ್ಳೋಣ. ಜೋಳದ ಹಿಟ್ಟಿನ ಹದ ಆಕೆಗೆ ತಿಳಿಯುವುದು ಬೆರಳ ತುದಿಗೆ. ರೊಟ್ಟಿ ಬಡಿಯುವಾಗ ಅಂಚು ಎಲ್ಲಿ ತೆಳುವಾಯಿತೆಂದು ಹೇಳುವುದು ಅಂಗೈ. ಹಂಚಿನ ಕಾವು ಎಷ್ಟೆಂದು ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತು. ಆ ಬೆರಳಿಗೆ ಜೋಮು ಹಿಡಿದರೆ ರೊಟ್ಟಿ ಹರಿಯುತ್ತದೆ, ಚರ್ಮ ಸುಟ್ಟದ್ದು ಆಮೇಲೆ ತಿಳಿಯುತ್ತದೆ. ಕುಪ್ಪಸದ ಗುಂಡಿ ಹಾಕಲು ಮಗಳನ್ನು ಕರೆಯಬೇಕು. ಹೊಲಕ್ಕೆ ಬರಿಗಾಲಲ್ಲಿ ಇಳಿದರೆ ನೆಟ್ಟ ಜಾಲಿಮುಳ್ಳು ಸಂಜೆ ಕಾಲು ತೊಳೆಯುವಾಗ ಕಾಣಬೇಕು. ಜೊತೆಗೆ ಸಕ್ಕರೆ ಕಾಯಿಲೆಯೂ ಇದ್ದರೆ ಆ ಗಾಯ ಎಲ್ಲಿಗೆ ಮುಟ್ಟೀತೆಂದು ಹೇಳಬೇಕಿಲ್ಲ. ಚಳಿಗಾಲದಲ್ಲಿ ಹತ್ತಿ ಬಿಡಿಸುವ ಕೂಲಿಗೂ ಕುತ್ತು. ಔಷಧದ ಕಾಗದದಲ್ಲಿ ಒಂದು ಸಾಲಾಗುವ ಅಡ್ಡ ಪರಿಣಾಮ ಮನೆಯಲ್ಲಿ ಇಡೀ ದಿನಚರಿಯನ್ನು ತಿನ್ನುತ್ತದೆ.

ಚಿಕ್ಕ ಮಕ್ಕಳಿಗೆ ಜೋಮು ಎಂಬ ಮಾತೇ ತಿಳಿಯದು. ವಿನ್‌ಕ್ರಿಸ್ಟಿನ್ ಪಡೆಯುವ ಮಗು ಪಾದ ಎತ್ತಿಡಲಾರದೆ ಬೆರಳು ನೆಲಕ್ಕೆ ತಾಗಿಸಿಕೊಂಡು ನಡೆದರೆ, ಮೆಟ್ಟಿಲಲ್ಲಿ ಎಡವಿದರೆ, ದವಡೆ ನೋಯುತ್ತದೆಂದು ಊಟ ಬಿಟ್ಟರೆ, ಮಲ ಕಟ್ಟಿಕೊಂಡರೆ ಅದು ಹಟವಲ್ಲ, ಕರುಳಿನವರೆಗೂ ಹಬ್ಬಿದ ನರಗಳ ದೂರು. ಇದನ್ನು ತಾಯಿತಂದೆಗೆ ಮೊದಲೇ ಹೇಳಿದ್ದರೆ ಮಗುವಿಗೆ ಬೈಗುಳ ತಪ್ಪುತ್ತದೆ, ವೈದ್ಯರಿಗೆ ಸುದ್ದಿ ಬೇಗ ಮುಟ್ಟುತ್ತದೆ.

ಸುದ್ದಿ ಬೇಗ ಮುಟ್ಟುವುದರಲ್ಲೇ ಎಲ್ಲ ಇದೆ. ಈ ಜೋಮನ್ನು ತಡೆಯುವ ಖಾತ್ರಿಯಾದ ಔಷಧ ಇನ್ನೂ ಇಲ್ಲ. ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘ 2020ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ತಡೆಗಟ್ಟಲೆಂದು ಯಾವ ಮಾತ್ರೆಯನ್ನೂ ಶಿಫಾರಸು ಮಾಡಲಿಲ್ಲ. ನರಕ್ಕೆ ಒಳ್ಳೆಯದೆಂದು ಕೊಡುತ್ತಿದ್ದ ಅಸಿಟೈಲ್ ಕಾರ್ನಿಟಿನ್ ಅನ್ನು ಕೊಡಲೇಬಾರದು ಎಂದಿತು. ನೋವಿದ್ದವರಿಗೆ ಡ್ಯುಲಾಕ್ಸೆಟಿನ್ ಸ್ವಲ್ಪ ನೆರವಾಗುತ್ತದೆ. ವೈದ್ಯರ ಕೈಯಲ್ಲಿರುವ ನಿಜವಾದ ಉಪಾಯ ಎಂದರೆ ಸರಿಯಾದ ಹೊತ್ತಿಗೆ ಡೋಸ್ ಇಳಿಸುವುದು, ಮುಂದಕ್ಕೆ ಹಾಕುವುದು, ಔಷಧ ಬದಲಿಸುವುದು. ಅದಕ್ಕೆ ಜೋಮು ಎಷ್ಟಿದೆ, ಎಲ್ಲಿಯವರೆಗೆ ಏರಿದೆ ಎಂದು ಅವರಿಗೆ ತಿಳಿದಿರಬೇಕು. ತಿಳಿಯುವುದು ರೋಗಿ ಹೇಳಿದರೆ. ರೋಗಿ ಹೇಳುವುದು ಯಾರಾದರೂ ಕೇಳಿದರೆ. ಎಷ್ಟೋ ಜನ ಬೇಕೆಂದೇ ಬಚ್ಚಿಡುತ್ತಾರೆ. ಹೇಳಿದರೆ ಔಷಧ ನಿಲ್ಲಿಸಿಬಿಟ್ಟಾರು, ರೋಗ ಮರಳೀತು ಎಂಬ ಭಯ. ಆ ಭಯಕ್ಕೆ ಮೌನದಿಂದ ಉತ್ತರ ಸಿಗದು.

ಮೊದಲೇ ಹೇಳಿದರೆ ಹೆದರಿ ಚಿಕಿತ್ಸೆಯನ್ನೇ ಬಿಟ್ಟಾರು ಎಂಬ ವಾದವೂ ಇದೆ. ಕೂದಲು ಉದುರುತ್ತದೆಂದು ಎಲ್ಲ ಕಡೆ ಮೊದಲೇ ಹೇಳುತ್ತಾರೆ. ಅದರಿಂದ ಜನ ಕೀಮೋ ಬಿಟ್ಟು ಓಡಲಿಲ್ಲ, ಟೊಪ್ಪಿಗೆ, ಸೆರಗು ಸಿದ್ಧ ಮಾಡಿಕೊಂಡು ಬಂದರು. ಜೋಮಿಗೂ ಹಾಗೆ ಸಿದ್ಧರಾಗಬಹುದು: ಮುಚ್ಚಿದ ಮೆಟ್ಟು, ಸಂಜೆಗೊಮ್ಮೆ ಅಂಗಾಲು ನೋಡಿಕೊಳ್ಳುವುದು, ಒಲೆಯ ಮುಂದೆ ಇಕ್ಕಳ, ರಾತ್ರಿ ಬಚ್ಚಲಿನ ಹಾದಿಗೆ ದೀಪ. ಹೊರರೋಗಿ ವಿಭಾಗದ ಉದ್ದ ಸಾಲಿನಲ್ಲಿ ವೈದ್ಯರಿಗೆ ಪುರುಸೊತ್ತಿಲ್ಲ ಎಂಬುದು ನಿಜ. ಆದರೆ ಈ ಕೆಲಸಕ್ಕೆ ವೈದ್ಯರೇ ಬೇಕೆಂದಿಲ್ಲ. ಸಲೈನ್ ಹಚ್ಚುವ ನರ್ಸ್ "ಗುಂಡಿ ಹಾಕ್ಕೊಳ್ಳಾಕ ಬರತೈತೇನವ್ವಾ? ರೊಟ್ಟಿ ಬಡಿಯಾಕ? ಚಪ್ಪಲಿ ಜಾರಿದ್ರ ತಿಳಿತೈತಿ?" ಎಂದು ಮೂರು ಮಾತು ಕೇಳಿ ಉತ್ತರವನ್ನು ಕೇಸ್ ಪೇಪರಿನ ಮೇಲೆ ಗುರುತಿಸಿದರೆ ಒಂದು ನಿಮಿಷ. ಸೆಕೆಂಡಿಗೆ 128 ಸಲ ಕಂಪಿಸುವ ಲೋಹದ ಶ್ರುತಿಕವೆಯನ್ನು ಹೆಬ್ಬೆರಳ ಗೆಣ್ಣಿಗೆ ತಾಗಿಸಿ ಗುಂಯ್‌ಗುಡುವುದು ತಿಳಿಯಿತೇ ಎಂದು ನೋಡಿದರೆ ಇನ್ನೊಂದು ನಿಮಿಷ. ಶುರುವಿಗೇ ಕೇಳಬೇಕಾದದ್ದು ಎರಡು: ಸಕ್ಕರೆ ಕಾಯಿಲೆ ಇದೆಯೇ, ಮನೆತನದಲ್ಲಿ ಪಾದ ಸೊರಗಿ ನಡಿಗೆ ಕೆಟ್ಟವರು ಇದ್ದರೇ. ಶಾರ್ಕೊ-ಮೇರಿ-ಟೂತ್ ಎಂಬ ವಂಶವಾಹಿ ನರರೋಗ ಅಡಗಿರುವವರಿಗೆ ವಿನ್‌ಕ್ರಿಸ್ಟಿನ್ ಘೋರವಾದ ಪೆಟ್ಟು ಕೊಡಬಲ್ಲದು.

ಕೇಳುವ ಭಾಷೆ ಮುಖ್ಯ. ನವನಗರದ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆ ಇರುವ, 1957ರಲ್ಲಿ ಶುರುವಾಗಿ ಕಿಮ್ಸ್ ಎಂದು ಮನೆಮಾತಾದ ವೈದ್ಯಕೀಯ ಕಾಲೇಜು ಇರುವ ಈ ಜೋಡಿನಗರಕ್ಕೆ ಗದಗ, ಹಾವೇರಿ, ಬಾಗಲಕೋಟೆ, ಉತ್ತರ ಕನ್ನಡದಿಂದ ಜನ ಬರುತ್ತಾರೆ. ಅವರ ಕೈಗೆ "ಬಾಹ್ಯ ನರವೈಕಲ್ಯ" ಎಂದು ಅಚ್ಚುಹಾಕಿದ ಕಾಗದ ಕೊಟ್ಟರೆ ಅದು ಇಂಗ್ಲಿಷಿಗಿಂತ ಹತ್ತಿರವೇನಲ್ಲ. ಜೋಮು, ಇರುವೆ, ಅರಳೆ ಎಂಬ ಮೂರು ಮಾತು ಅದರಲ್ಲಿರಬೇಕು. ಧಾರವಾಡ 1890ರಲ್ಲೇ ಕನ್ನಡದಲ್ಲಿ ವಿದ್ಯೆ ಬೆಳೆಯಲೆಂದು ವಿದ್ಯಾವರ್ಧಕ ಸಂಘ ಕಟ್ಟಿದ ಊರು. ಒಂದು ಹಾಳೆಯ ಈ ಕೆಲಸಕ್ಕೆ ಇಲ್ಲಿಯ ವೈದ್ಯರು, ಲೇಖಕರು, ಕರ್ನಾಟಕ ವಿಶ್ವವಿದ್ಯಾಲಯದ ಜೀವವಿಜ್ಞಾನದ ಮೇಷ್ಟ್ರುಗಳು ಒಂದು ಮೇಜಿಗೆ ಕೂತರೆ ಸಾಕು. ವಿಶ್ವವಿದ್ಯಾಲಯದ ಆವರಣದಲ್ಲಿರುವ ಪ್ರಾದೇಶಿಕ ವಿಜ್ಞಾನ ಕೇಂದ್ರದಲ್ಲಿ, ಶಾಲೆಯ ಮಕ್ಕಳು ನಡೆದು ಹೋಗಬಹುದಾದಷ್ಟು ಉದ್ದದ ಒಂದು ನರಕೋಶ, ಅದರೊಳಗೆ ನೂಲಿನಂತೆ ಹೆಣೆದ ನಾಳಗಳು ಇದ್ದರೆ ಎಷ್ಟು ಚೆನ್ನ.

ಸೂಕ್ಷ್ಮನಾಳ ಎಂದೊಡನೆ ಅನೇಕರಿಗೆ ನೆನಪಾಗುವುದು ಬೇರೆಯೇ ಚರ್ಚೆ. ಗಣಿತಜ್ಞ ರೋಜರ್ ಪೆನ್ರೋಸ್ ಮತ್ತು ಅರಿವಳಿಕೆ ತಜ್ಞ ಸ್ಟುವರ್ಟ್ ಹ್ಯಾಮರಾಫ್ 1990ರ ದಶಕದಿಂದ ಹೇಳುತ್ತ ಬಂದಿರುವ ಪ್ರಕಾರ ಮನುಷ್ಯನ ಅರಿವು ಈ ನಾಳಗಳೊಳಗಿನ ಕ್ವಾಂಟಮ್ ಕ್ರಿಯೆಯಿಂದ ಹುಟ್ಟುತ್ತದೆ. ವೇದಾಂತದ ಜಿಜ್ಞಾಸೆಗೆ ಹೆಸರಾದ ಈ ಸೀಮೆಯಲ್ಲಿ ಅಂಥ ಮಾತಿಗೆ ಕಿವಿ ನಿಮಿರುವುದು ಸಹಜ. ಆದರೆ ಮಿದುಳಿನಂಥ ಬೆಚ್ಚಗಿನ, ಒದ್ದೆಯಾದ ಜಾಗದಲ್ಲಿ ಅಂಥ ಸೂಕ್ಷ್ಮ ಕ್ವಾಂಟಮ್ ಸ್ಥಿತಿ ಕಣ್ಣೆವೆ ಇಕ್ಕುವುದರ ಕೋಟಿಯಲ್ಲೊಂದು ಪಾಲಿನಷ್ಟು ಹೊತ್ತೂ ಉಳಿಯದು ಎಂದು ಮ್ಯಾಕ್ಸ್ ಟೆಗ್‌ಮಾರ್ಕ್ 2000ದಲ್ಲಿ ಲೆಕ್ಕ ಮಾಡಿ ತೋರಿಸಿದರು. ನಾಳವನ್ನು ಗಟ್ಟಿಗೊಳಿಸುವ ಔಷಧ ಕೊಟ್ಟ ಇಲಿಗಳು ಅರಿವಳಿಕೆಗೆ ಒಂದು ನಿಮಿಷಕ್ಕಿಂತ ತುಸು ಹೆಚ್ಚು ತಡವಾಗಿ ಜಾರಿದವೆಂದು 2024ರಲ್ಲಿ ಒಂದು ಪ್ರಯೋಗ ವರದಿ ಮಾಡಿತು. ಕುತೂಹಲದ ಸಂಗತಿಯೇ, ಆದರೆ ಆತ್ಮದ ವಾಸಸ್ಥಾನ ಸಿಕ್ಕಿತೆಂದು ಸಾರುವಷ್ಟು ಸಾಮಗ್ರಿ ಅದರಲ್ಲಿಲ್ಲ. ನಾಳ ಕೆಟ್ಟರೆ ಪಾದಕ್ಕೆ ನೆಲ ತಿಳಿಯುವುದಿಲ್ಲ ಎಂಬುದಕ್ಕಂತೂ ಯಾವ ಊಹೆಯೂ ಬೇಡ.

ಮರೆವಿನ ರೋಗದಲ್ಲೂ ಇದೇ ನಾಳದ ನೆರಳಿದೆ. ಅಲೋಯ್ಸ್ ಆಲ್ಜೈಮರ್ 1906ರಲ್ಲಿ ತಮ್ಮ ರೋಗಿಯೊಬ್ಬರ ಮಿದುಳಿನಲ್ಲಿ ಕಂಡ ದಾರದ ಗಂಟುಗಳು ನಾಳದಿಂದ ಬಿಟ್ಟುಹೋಗಿ ಒಂದಕ್ಕೊಂದು ತೊಡರಿಕೊಂಡ ಟೌ ಎಂದು ತಿಳಿದದ್ದು 1980ರ ದಶಕದಲ್ಲಿ. ಅರವತ್ತಕ್ಕೆ ಅರಳು ಮರಳು ಎಂದು ತಳ್ಳಿಹಾಕಿದ್ದಕ್ಕೂ ಕೋಶದೊಳಗೆ ಗುರುತು ಇದೆ ಎಂಬುದು 1845ರಷ್ಟು ಹಳೆಯ ಮನೋರೋಗ ಆಸ್ಪತ್ರೆ ಬೆಳೆದು ಡಿಮ್ಹಾನ್ಸ್ ಆದ ಧಾರವಾಡಕ್ಕೆ ಬಹಳ ಹತ್ತಿರದ ವಿಷಯ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಎಸ್.ಕೆ. ಶಂಕರ್ ಅವರು 1995ರಲ್ಲಿ ಕಟ್ಟಿದ ಮಿದುಳು ಬ್ಯಾಂಕ್ ಇಂಥ ರೋಗಗಳ ಮಾನವ ಮಿದುಳನ್ನು ಸಂಶೋಧನೆಗೆ ಕಾಪಿಟ್ಟಿದೆ. ಮಾನವ ದೇಹದಲ್ಲಿ ಟ್ಯೂಬುಲಿನ್ ಒಂದೇ ಬಗೆಯದಲ್ಲ, ಹಲವು ಜೀನುಗಳಿಂದ ಹಲವು ಬಗೆ. ಬಗೆ ಬದಲಾದರೆ ಕೈನೆಸಿನ್, ಡೈನೀನ್‌ಗಳ ನಡಿಗೆ ಹೇಗೆ ಬದಲಾಗುತ್ತದೆಂದು 2014ರಲ್ಲಿ ರಾನ್ ವೇಲ್ ಜೊತೆ ತೋರಿಸಿದ ಮಿನ್ಹಾಜ್ ಸಿರಾಜುದ್ದೀನ್ ಆ ಸಂಶೋಧನೆಯನ್ನು ಮುಂದುವರಿಸಿದ್ದು ಬೆಂಗಳೂರಿನ ಇನ್‌ಸ್ಟೆಮ್‌ನಲ್ಲಿ. ನರಕ್ಕೆ ಕಡಿಮೆ ಪೆಟ್ಟು ಕೊಟ್ಟು ಕ್ಯಾನ್ಸರಿಗೆ ಹೆಚ್ಚು ಪೆಟ್ಟು ಕೊಡುವ ಔಷಧ ಎಂದಾದರೂ ಬಂದರೆ ಇಂಥ ವ್ಯತ್ಯಾಸಗಳನ್ನು ಓದಿಕೊಂಡೇ ಬರಬೇಕು.

ಅಲ್ಲಿಯವರೆಗೆ ಕುಂದಗೋಳದ ಆ ಹೆಣ್ಣುಮಗಳಿಗೆ ತಿಳಿಸಬೇಕಾದದ್ದು ಇಷ್ಟು: ಔಷಧ ನಿಂತ ಮೇಲೆ ಸೊಂಟದ ಬಳಿಯ ಕೋಶಗಳು ಹೊಸ ಇಟ್ಟಿಗೆ ಮಾಡಿ ಕಳಿಸುತ್ತವೆ, ಒಣಗಿದ ತುದಿ ಮತ್ತೆ ಚಿಗುರುವುದುಂಟು. ಅದರ ವೇಗ ದಿನಕ್ಕೆ ಒಂದು ಮಿಲಿಮೀಟರಿನ ಸುತ್ತಮುತ್ತ, 1948ರಲ್ಲಿ ಪಾಲ್ ವೈಸ್ ಕಂಡ ಆ ನಿಧಾನದ ಹರಿವಿನದೇ. ಒಂದು ಗೇಣು ಮರಳಿ ಬೆಳೆಯಲು ಏಳೆಂಟು ತಿಂಗಳು. ಔಷಧ ನಿಂತ ಮೊದಲ ಎರಡು ಮೂರು ತಿಂಗಳು ಜೋಮು ಇನ್ನೂ ಹೆಚ್ಚಾದರೂ ಗಾಬರಿ ಬೇಡ. ಕೆಲವರಿಗೆ ಪೂರ್ತಿ ಹೋಗದು. ಹಂಚಿನ ಕಾವು ಬೆರಳಿಗೆ ಮತ್ತೆ ತಿಳಿದ ದಿನ ಯಾವುದೆಂದು ಆಕೆ ಬಂದು ಹೇಳಬೇಕು, ಅದನ್ನು ಕೇಸ್ ಪೇಪರಿನ ಮೇಲೆ ತಾರೀಕು ಹಾಕಿ ಬರೆದುಕೊಳ್ಳುವವರು ಅಲ್ಲಿರಬೇಕು.